ಒಂಬತ್ತನೇ ಮಹಡಿಯ ಲಕೋಟೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಟೋಕಿಯೊದ ಓಜಿಮಾ, ಫೆಬ್ರವರಿಯ ಚಳಿ, ಪೂರ್ತಿ ಬೆಳಕಾಗಿಲ್ಲ. ಹದಿನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ಬುಡದಲ್ಲಿ ಕಮಲಾಕ್ಷಿ ಬಗ್ಗಿ ಶೂ ಕಳಚಿ, ಚೀಲದಿಂದ ಬಟ್ಟೆಯ ಚಪ್ಪಲಿ ತೆಗೆದು ಹಾಕಿಕೊಳ್ಳುತ್ತಿದ್ದಾರೆ. ಕಾರಿಡಾರಿನಲ್ಲಿ ಶೂ ಸದ್ದು ಮಾಡುತ್ತದಂತೆ. ಲಿಫ್ಟೂ ಬೇಡವಂತೆ, ಅದು ಪ್ರತಿ ಮಹಡಿಯಲ್ಲೂ ಟಿಂಗ್ ಎನ್ನುತ್ತದೆ. "ನಿಮ್ಗೆ ಮಂಡಿನೋವಿದ್ರೆ ಕೆಳಗೇ ಇರಿ, ಪರವಾಗಿಲ್ಲ," ಎನ್ನುತ್ತಾರೆ. ಅವರು ನನಗಿಂತ ಹನ್ನೊಂದು ವರ್ಷ ದೊಡ್ಡವರು. ಮಂಡಿಯ ಮಾತೆತ್ತದೆ ಹಿಂದೆ ಹತ್ತುತ್ತೇನೆ.

ಚೀಲದಲ್ಲಿ ಹನ್ನೊಂದು ಲಕೋಟೆಗಳಿವೆ. ಶಾಲೆಗೆ ಹೋಗುವುದನ್ನು ನಿಲ್ಲಿಸಿರುವ ಹನ್ನೊಂದು ಮಕ್ಕಳಿಗೆ, ಮಕ್ಕಳಿಗೊಂದರಂತೆ. ಒಳಗೆ ಶಾಲೆ ಕೊಟ್ಟ ಪಾಠದ ಹಾಳೆಗಳು, ಜೊತೆಗೆ ಕಮಲಾಕ್ಷಿ ಕೈಯಲ್ಲಿ ಬರೆದ ಒಂದು ಚೀಟಿ. ಇಲ್ಲಿನ ಮನೆಬಾಗಿಲುಗಳಲ್ಲಿ ಪೇಪರ್ ಹಾಕಲೆಂದು ಸೊಂಟದೆತ್ತರಕ್ಕೆ ಒಂದು ಸೀಳು ಇರುತ್ತದೆ. ಅವರು ಲಕೋಟೆಯನ್ನು ಅದರೊಳಗೆ ಪೂರ್ತಿ ತಳ್ಳುವುದಿಲ್ಲ, ಅರ್ಧ ಹೊರಗೇ ಬಿಡುತ್ತಾರೆ. "ಬೇಕಿದ್ರೆ ಒಳಗೆ ಎಳ್ಕೊಳ್ಳಲಿ. ಬೇಡ ಅನ್ಸಿದ್ರೆ ಹೊರಗಡೆನೇ ಇರ್ಲಿ. ಅಷ್ಟಾದ್ರೂ ಅವರ ಕೈಲಿರ್ಬೇಕಲ್ವಾ?"

ಇಷ್ಟು ಬೆಳಗ್ಗೆ ಯಾಕೆ ಎಂದು ಕೇಳಿದೆ. ಎರಡು ಕಾರಣ ಹೇಳಿದರು. ಒಂದು, ಶಾಲೆಗೆ ಹೊರಡುವ ಮಕ್ಕಳು ಇನ್ನೂ ಕಾರಿಡಾರಿಗೆ ಬಂದಿರುವುದಿಲ್ಲ, ಯಾರ ಬಾಗಿಲಲ್ಲಿ ಕಮಲಾ ಆಂಟಿ ನಿಂತರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಎರಡು, ಈ ಹನ್ನೊಂದರಲ್ಲಿ ಬಹಳಷ್ಟು ಮಕ್ಕಳು ಈ ಹೊತ್ತಿಗೆ ಎದ್ದೇ ಇರುತ್ತವೆ. ರಾತ್ರಿಯಿಡೀ ಫೋನ್ ನೋಡಿ, ಈಗ ಮಲಗುವ ಸಮಯ ಅವಕ್ಕೆ.

ಐದನೇ ಮಹಡಿಯಲ್ಲಿ ಎರಡು ಲಕೋಟೆ, ಏಳನೆಯದರಲ್ಲಿ ಒಂದು. ಒಂಬತ್ತನೇ ಮಹಡಿಯ ತಿರುವಿನಲ್ಲಿ ಅವರು ನಿಲ್ಲುತ್ತಾರೆ. ಅಲ್ಲಿಗೆ ಹಾಕಬೇಕಾದ ಲಕೋಟೆ ಮಿಕ್ಕವಕ್ಕಿಂತ ದಪ್ಪವಿದೆ, ಬೇರೆ ಯಾರೂ ಬಿಚ್ಚಬಾರದೆಂಬಂತೆ ಅಂಚಿಗೆಲ್ಲ ಟೇಪು ಸುತ್ತಿದೆ. "ಇದನ್ನ ಕೊನೇಲಿ ಹಾಕೋಣ," ಎಂದು ಹತ್ತನೇ ಮಹಡಿಗೆ ಹತ್ತಿಬಿಡುತ್ತಾರೆ.

ನನ್ನ ವಿಷಯ ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಮೈಸೂರಿನಲ್ಲಿ ಹನ್ನೆರಡು ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದವಳು, ಗಂಡನ ಸಂಶೋಧನೆಯ ಕೆಲಸಕ್ಕೆಂದು 2019ರಲ್ಲಿ ಟೋಕಿಯೊ ಹೊರವಲಯದ ಕಾಶಿವಾಕ್ಕೆ ಬಂದೆ, ಬಂದ ಆರು ತಿಂಗಳಿಗೆ ಕೊರೊನಾ ಬಂದು ಮನೆ ಹಿಡಿದೆ. ಕಳೆದ ಬೇಸಿಗೆಯಲ್ಲಿ ಲಸಿಕೆ ಹಾಕುವ ಕೇಂದ್ರವೊಂದರಲ್ಲಿ, ಫಾರಂ ಹಿಡಿದು ಕಣ್ಕಣ್ಣು ಬಿಡುತ್ತಿದ್ದಾಗ ಪಕ್ಕದಿಂದ "ಕನ್ನಡದವರಾ? ಕೊಡಿ ಇಲ್ಲಿ" ಎಂಬ ದನಿ ಕೇಳಿತು. ಆವತ್ತು ಅವರು ಮೂವತ್ತೊಂದು ಜನರ ಫಾರಂ ತುಂಬಿಸಿದರು. ಯಾರೂ ಹೇಳಿ ಕಳಿಸಿದ ಕೆಲಸವಲ್ಲ ಅದು, ಬಿಡುವಿತ್ತು ಅಂತ ಬಂದಿದ್ದರಂತೆ.

ಕಮಲಾಕ್ಷಿಗೆ ಈಗ ಐವತ್ತೆರಡು. ಅವರ ಕೆಲಸಕ್ಕೆ ಜಪಾನಿಯಲ್ಲಿ ಉದ್ದದ ಹೆಸರಿದೆ, ಕನ್ನಡದಲ್ಲಿ ಭಾಷಾ ಸಹಾಯಕಿ ಎಂದರೆ ಸಾಕು. ಈ ಭಾಗದ ಮೂರು ಸರ್ಕಾರಿ ಶಾಲೆಗಳಿಗೆ ಸರದಿಯಲ್ಲಿ ಹೋಗುತ್ತಾರೆ. ಒಟ್ಟು ಹದಿನೇಳು ಭಾರತೀಯ ಮಕ್ಕಳು, ಅದರಲ್ಲಿ ಕನ್ನಡದವು ನಾಲ್ಕು. ಟೀಚರು ಹೇಳಿದ್ದನ್ನು ಅಪ್ಪ ಅಮ್ಮನಿಗೆ, ಅವರು ಹೇಳಿದ್ದನ್ನು ಟೀಚರಿಗೆ ದಾಟಿಸುವುದು ಅವರ ಕೆಲಸ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ, ಶಿಕ್ಷಕರ ಕೋಣೆಯಲ್ಲಿ ಅವರಿಗೊಂದು ಮೇಜಿಲ್ಲ. ಕೋಟನ್ನು ಪ್ರಿಂಟರಿನ ಪಕ್ಕದ ಮೊಳೆಗೆ ನೇತುಹಾಕುತ್ತಾರೆ. ಬೆಳಗಿನ ಲಕೋಟೆಯ ಕೆಲಸವಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಶಾಲೆಯವರು ಹಾಳೆ ಕೊಡುತ್ತಾರೆ, ಅಷ್ಟೆ.

ಹುಟ್ಟಿದ್ದು ರಾಮನಗರದಲ್ಲಿ. ಅಪ್ಪ ರೇಷ್ಮೆ ನೂಲು ಬಿಚ್ಚುವ ರೀಲರ್. ಬಿಡದಿಯ ಕಡೆ ಕಾರ್ಖಾನೆಗಳು ಬಂದಾಗ ಜಪಾನಿ ಕಲಿತರೆ ಕೆಲಸ ಗ್ಯಾರಂಟಿ ಎಂದು ಯಾರೋ ಹೇಳಿದರು. ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿ ಎರಡು ವರ್ಷ ಕಲಿತರು. ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ದುಭಾಷಿಯಾದರು. ಅಲ್ಲಿಯೇ ಕೆಲಸಕ್ಕಿದ್ದ ಜಯದೇವರನ್ನು ಮದುವೆಯಾಗಿ, ಅವರಿಗೆ ಟೋಕಿಯೊ ಪಕ್ಕದ ಕಾವಾಸಾಕಿ ಊರಿನಲ್ಲಿ ಕೆಲಸ ಸಿಕ್ಕಾಗ ಜೊತೆಯಲ್ಲಿ ಬಂದರು. ಹದಿಮೂರು ವರ್ಷವಾಯಿತು. ಮಕ್ಕಳಿಲ್ಲ. ಆ ಬಗ್ಗೆ ಕೇಳುವವರಿಗೆ ಅವರದೊಂದು ಸಿದ್ಧ ಉತ್ತರವಿದೆ: "ಹದಿನೇಳು ಸಾಲ್ದಾ?"

ಬಿಡದಿಯ ಒಂದು ಪಾಠವನ್ನು ಅವರು ಇವತ್ತಿಗೂ ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಜಪಾನಿ ಎಂಜಿನಿಯರ್ ಹೇಳಿದ ಮಾತಿಗೆ ಇವರು ತಮಗೆ ತಿಳಿದ ಒಂದು ಮಾತು ಸೇರಿಸಿದರಂತೆ. ಅದು ತಪ್ಪಾಗಿತ್ತು. ಮಧ್ಯಾಹ್ನದವರೆಗೆ ತಯಾರಾದ ಮಾಲೆಲ್ಲ ರದ್ದಾಯಿತು. "ಆವತ್ತೇ ಕಿವಿ ಹಿಂಡ್ಕೊಂಡೆ. ಇಂಟರ್‌ಪ್ರಿಟರ್ ತನ್ನ ಮಾತು ಸೇರಿಸ್ಬಾರ್ದು. ಅವ್ರು ಅಂದಿದ್ದು ಇವ್ರಿಗೆ, ಇವ್ರು ಅಂದಿದ್ದು ಅವ್ರಿಗೆ. ಮಧ್ಯದಲ್ಲಿ ನಾನು ಇಲ್ವೇ ಇಲ್ಲ." ಈ ನಿಯಮವನ್ನು ಇಪ್ಪತ್ತು ವರ್ಷ ಒಂದು ದಿನವೂ ಮುರಿಯಲಿಲ್ಲ. ಮುರಿಯಬೇಕಾದ ಒಂದು ದಿನ ಬಂತು, ಆವತ್ತೂ ಮುರಿಯಲಿಲ್ಲ. ಒಂಬತ್ತನೇ ಮಹಡಿಯ ಲಕೋಟೆ ಆ ದಿನದ್ದು.

ಆ ಮನೆಯ ಹುಡುಗಿಯನ್ನು ಪ್ರಣತಿ ಎಂದು ಕರೆಯೋಣ. ಅವಳ ಅಮ್ಮ ಅಪರ್ಣಾ. ಎರಡೂ ನಿಜವಾದ ಹೆಸರಲ್ಲ. ಓಜಿಮಾದ ಕನ್ನಡಿಗರು ಇವರು ಯಾರಿರಬಹುದೆಂದು ಹುಡುಕಲು ಹೊರಡಬಾರದಾಗಿ ವಿನಂತಿ. ಗೊತ್ತಾದರೂ ದಯವಿಟ್ಟು ಗ್ರೂಪಿಗೆ ಹಾಕಬೇಡಿ.

ಪ್ರಣತಿ ಒಂಬತ್ತು ವರ್ಷದವಳಿದ್ದಾಗ ಬೆಂಗಳೂರಿನಿಂದ ಬಂದವಳು. ಇಲ್ಲಿನ ಸರ್ಕಾರಿ ಶಾಲೆಗೇ ಸೇರಿ ಜಪಾನಿಯನ್ನು ಚೆನ್ನಾಗಿ ಕಲಿತಳು. 2020ರ ಏಪ್ರಿಲ್‌ನಲ್ಲಿ ಮಾಧ್ಯಮಿಕ ಶಾಲೆಗೆ ಕಾಲಿಡಬೇಕಿತ್ತು, ಆದರೆ ಶಾಲೆಗಳೇ ಮುಚ್ಚಿದ್ದವು. ಜೂನ್‌ನಲ್ಲಿ ತೆರೆದಾಗ ಎಲ್ಲರ ಮುಖಕ್ಕೂ ಮಾಸ್ಕ್. ಊಟದ ಹೊತ್ತಿಗೆ ಎಲ್ಲರೂ ಕಪ್ಪು ಹಲಗೆಯ ಕಡೆ ಮುಖ ಮಾಡಿ, ಒಂದು ಮಾತೂ ಆಡದೆ ತಿನ್ನಬೇಕು. ಮೈದಾನದ ಆಟವಿಲ್ಲ, ಶಾಲೆಯ ಪ್ರವಾಸವಿಲ್ಲ. ಹನ್ನೆರಡು ವರ್ಷದ ಮಗು ಹೊಸ ಶಾಲೆಯಲ್ಲಿ ಸ್ನೇಹ ಮಾಡುವುದು ಹೇಗೆ? ಫೋನಿನಲ್ಲಿ. ಅದೊಂದೇ ದಾರಿಯಿತ್ತು. ಫೋನನ್ನು ಬೈಯುವ ನಮ್ಮಂಥ ದೊಡ್ಡವರು ಈ ಮಾತನ್ನು ಸುಲಭವಾಗಿ ಮರೆಯುತ್ತೇವೆ.

ಇಲ್ಲಿ ಎಲ್ಲರೂ ಬಳಸುವ ಮೆಸೇಜಿನ ಆ್ಯಪ್ ಒಂದಿದೆ. ಕಳಿಸಿದ ಸಂದೇಶವನ್ನು ಆ ಕಡೆಯವರು ತೆರೆದ ಕೂಡಲೇ ಪಕ್ಕದಲ್ಲಿ "ಓದಿದ್ದಾರೆ" ಎಂಬ ಗುರುತು ಬೀಳುತ್ತದೆ. ನಮ್ಮಲ್ಲಿ ಎರಡು ನೀಲಿ ಗೀಟು ಬಿದ್ದೂ ಉತ್ತರ ಬರದಿದ್ದರೆ ಮುಖ ಊದಿಸಿಕೊಳ್ಳುವ ಅತ್ತೆ ನಾದಿನಿಯರಿಲ್ಲವೇ? ಇಲ್ಲಿನ ಮಕ್ಕಳಲ್ಲಿ ಆ ಮುನಿಸು ಇನ್ನೂ ಒಂದು ಕೈ ಮೇಲೆ. ಓದಿಯೂ ಉತ್ತರಿಸದಿರುವುದಕ್ಕೆ ಅವರ ಭಾಷೆಯಲ್ಲಿ ಪ್ರತ್ಯೇಕ ಹೆಸರೇ ಇದೆ. ಆ ಹೆಸರು ಒಬ್ಬರಿಗೆ ಅಂಟಿಕೊಂಡರೆ ಬಿಡುವುದು ಕಷ್ಟ. ಪ್ರಣತಿಗೆ ನಾಲ್ವರು ಗೆಳತಿಯರಾದರು, ಐವರದೊಂದು ಗುಂಪು. ದಿನಕ್ಕೆ ನೂರಕ್ಕೂ ಹೆಚ್ಚು ಸಂದೇಶಗಳು.

ಅಪರ್ಣಾಗೆ ಜಪಾನಿ ಓದಲು ಬರುವುದಿಲ್ಲ. ಆ ವರ್ಷ ಮಕ್ಕಳು ಜೀವ ಕಳೆದುಕೊಂಡ ಸುದ್ದಿಗಳು ಒಂದರ ಮೇಲೊಂದು ಬರುತ್ತಿದ್ದವು. ಮಗಳು ಫೋನಿಗೆ ಮುಖ ಹಚ್ಚಿ ಒಮ್ಮೆ ನಗುತ್ತಿದ್ದಳು, ಒಮ್ಮೆ ಗಂಟೆಗಟ್ಟಲೆ ಮಂಕಾಗಿರುತ್ತಿದ್ದಳು. ಕೇಳಿದರೆ "ನಥಿಂಗ್, ಅಮ್ಮ." ನಾನು ಅಪರ್ಣಾ ಜೊತೆ ಫೋನಿನಲ್ಲಿ ಮಾತಾಡಿದೆ. "ನಂಗೆ ಅದು ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ನನ್ ಮಗಳು ನನ್ ಕಣ್ಮುಂದೆನೇ ಇದಾಳೆ, ಆದ್ರೆ ಅವ್ಳ ಲೈಫ್ ಪೂರ್ತಿ ನಂಗೆ ಓದಕ್ಕೆ ಬರ್ದೇ ಇರೋ ಭಾಷೇಲಿದೆ. ತಾಯಿ ಆಗಿ ನೋಡ್ದೆ ಹೇಗಿರ್ಲಿ?" ಎಂದರು. ನನ್ನ ಹತ್ತು ವರ್ಷದ ಮಗಳ ಟ್ಯಾಬ್ಲೆಟ್ಟಿನ ಪಾಸ್‌ವರ್ಡ್ ನನಗೆ ಬಾಯಿಪಾಠ.

ವಾರಕ್ಕೆ ಮೂರು ಸಂಜೆ ಪ್ರಣತಿಗೆ ಭರತನಾಟ್ಯದ ಪಾಠ. ಬೆಂಗಳೂರಿನ ಟೀಚರ್, ಲ್ಯಾಪ್‌ಟಾಪಿನಲ್ಲಿ, ಆರೂವರೆಯಿಂದ ಏಳೂವರೆ. ಪಾಠದ ಹೊತ್ತಿನಲ್ಲಿ ಫೋನನ್ನು ಅಮ್ಮನ ಕೈಗೆ ಕೊಡಬೇಕೆಂಬುದು ಮನೆಯ ನಿಯಮ. ಒಳಗೆ ಮಗಳು ತಟ್ಟಡವು ತುಳಿಯುತ್ತಿದ್ದರೆ, ಅಮ್ಮ ಫೋನ್ ಹಿಡಿದು ಅದೇ ಕಟ್ಟಡದ ನಾಲ್ಕನೇ ಮಹಡಿಗೆ, ಕಮಲಾಕ್ಷಿಯ ಮನೆಗೆ ಇಳಿದು ಬರುತ್ತಿದ್ದರು. "ಕಮಲಕ್ಕ, ಒಂಚೂರು ನೋಡಿ ಹೇಳಿ."

ಕಮಲಕ್ಕ ನೋಡಿ ಹೇಳಿದರು. 2020ರ ಸೆಪ್ಟೆಂಬರ್‌ನಿಂದ 2021ರ ಜನವರಿಯವರೆಗೆ, ಅವರೇ ಹಾಕಿದ ಲೆಕ್ಕದಲ್ಲಿ ಅರವತ್ತಕ್ಕೂ ಮೇಲ್ಪಟ್ಟು ಸಂಜೆಗಳು. ಒಬ್ಬಳ ಬೆಕ್ಕು ಮರಿ ಹಾಕಿದ್ದು, ಇನ್ನೊಬ್ಬಳು ಮುಂಗೂದಲು ಕತ್ತರಿಸಿಕೊಂಡು ಕೆಡಿಸಿಕೊಂಡದ್ದು, ಗಣಿತದ ಹೋಂವರ್ಕು. "ಒಳ್ಳೆ ಮಕ್ಕಳು ಕಣೆ, ಏನೂ ಇಲ್ಲ, ನೀನು ಸುಮ್ನೆ ತಲೆ ಕೆಡಿಸ್ಕೋಬೇಡ ಅಂತ ಹೇಳಿ ಕಾಫಿ ಕೊಟ್ಟು ಕಳಿಸ್ತಿದ್ದೆ. ನಾನೇನೋ ದೊಡ್ಡ ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ ನೋಡಿ. ಶಾಲೇಲೂ ಅದೇ ಕೆಲ್ಸ, ಮನೇಲೂ ಅದೇ. ಓದು, ಹೇಳು. ನನ್ ಬೆರಳು ಮುಟ್ಟಿದ್ರೆ ಆ ಕಡೆ ಗುರುತು ಬೀಳುತ್ತೆ ಅನ್ನೋದು ಗೊತ್ತಿರ್ಲಿಲ್ವಾ ಅಂದ್ರೆ, ಗೊತ್ತಿತ್ತು. ಅದು ಆ ಮಗೂನ ಹೆಸರಲ್ಲಿ ಬೀಳ್ತಿದೆ ಅನ್ನೋದು ಹೊಳೀಲಿಲ್ಲ."

ಬೀಳುತ್ತಿದ್ದುದು ಗುರುತೊಂದೇ ಅಲ್ಲ. ಒಮ್ಮೆ ತೆರೆದ ಸಂದೇಶ ಪ್ರಣತಿಗೆ ಹೊಸದೆಂದು ಕಾಣುತ್ತಿರಲಿಲ್ಲ. ಪಾಠ ಮುಗಿಸಿ ಬಂದು ಫೋನ್ ನೋಡಿದರೆ ಕೆಂಪು ಚುಕ್ಕೆಗಳಿಲ್ಲ, ಯಾರೂ ಏನೂ ಕಳಿಸಿಲ್ಲ ಅಂದುಕೊಳ್ಳುತ್ತಿದ್ದಳು. ಹೀಗೆ ಎಷ್ಟೋ ಮಾತುಗಳಿಗೆ ಉತ್ತರ ತಪ್ಪಿತು. ಗೆಳತಿಯರು ಮೊದಮೊದಲು ತಮಾಷೆ ಮಾಡಿದರು, ಆಮೇಲೆ ಗೊಣಗಿದರು.

ಜನವರಿಯ ಕೊನೆಯ ವಾರ, ಒಂದು ಸಂಜೆ ಆರು ನಲವತ್ತಕ್ಕೆ ಒಬ್ಬ ಗೆಳತಿ ಪ್ರಣತಿಗೆ ಮಾತ್ರ ಒಂದು ಸಂದೇಶ ಕಳಿಸಿದಳು. ಅವಳನ್ನು ಮಿಯು ಎನ್ನೋಣ. ಅವಳ ಅಜ್ಜಿಗೆ ಕೊರೊನಾ ಬಂದಿತ್ತು. ಶಾಲೆಯಲ್ಲಿ ತಿಳಿದರೆ ತನ್ನನ್ನು ದೂರ ಇಡುತ್ತಾರೆಂಬ ಭಯ. "ನಾಳೆ ಶಾಲೆಗೆ ಬರೋದಕ್ಕೆ ಹೆದರಿಕೆ ಆಗ್ತಿದೆ. ನಿನಗೊಬ್ಬಳಿಗೇ ಹೇಳ್ತಿದೀನಿ. ಈಗ ಮಾತಾಡಬಹುದಾ?" ಎಂದು ಬರೆದಿದ್ದಳು. ಬರೆದು ಪರದೆಯನ್ನೇ ನೋಡುತ್ತ ಕೂತಿದ್ದಳು. ಒಂದು ನಿಮಿಷದಲ್ಲಿ "ಓದಿದ್ದಾರೆ" ಎಂದು ಬಂತು.

ಓದಿದ್ದು ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಕಮಲಾಕ್ಷಿ. "ಪಾಪ, ಯಾವುದೋ ಹುಡುಗಿಗೆ ಅಜ್ಜಿಗೆ ಹುಷಾರಿಲ್ಲ ಅಂತ ಬೇಜಾರಂತೆ," ಎಂದು ಅಪರ್ಣಾಗೆ ಹೇಳಿ ಫೋನ್ ವಾಪಸ್ ಕೊಟ್ಟರು. ಮಗಳಿಗೆ ಹೇಳಿದರೆ ಫೋನ್ ನೋಡಿದ್ದು ಬಯಲಾಗುತ್ತದೆಂದು ಅಪರ್ಣಾ ಹೇಳಲಿಲ್ಲ. ಆ ಕಡೆ ಮಿಯು ರಾತ್ರಿ ಮಲಗುವವರೆಗೆ ಕಾದಳು.

ಪ್ರಣತಿ ಆ ಸಂದೇಶವನ್ನು ಕಂಡದ್ದು ಎರಡು ದಿನದ ಮೇಲೆ. ಈಗಷ್ಟೇ ನೋಡಿದೆ, ಸಾರಿ ಎಂದು ಬರೆದಳು. ಮಿಯು ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಮೇಲ್ಗಡೆ ಗಡಿಯಾರ 6:41, ಸಂದೇಶದ ಪಕ್ಕದಲ್ಲಿ ಗುರುತು. ಕೆಳಗೆ ಒಂದೇ ಪದ, ಸುಳ್ಳಿ. ಮರುದಿನದ ಹೊತ್ತಿಗೆ ನಾಲ್ವರೂ ಬೇರೆ ಗುಂಪು ಮಾಡಿಕೊಂಡಿದ್ದರು. ಹಳೆಯ ಗುಂಪಿನಲ್ಲಿ ಪ್ರಣತಿಯೊಬ್ಬಳೇ ಉಳಿದಳು. ಒಂದು ವಾರ ಹೇಗೋ ಶಾಲೆಗೆ ಹೋದಳು, ಆಮೇಲೆ ಹೊಟ್ಟೆನೋವು ಎಂದು ಮಲಗಿದಳು. ಹೊಟ್ಟೆನೋವು ವಾಸಿಯಾಗಲಿಲ್ಲ.

ಇನ್ನು ಆ ದಿನ. ಫೆಬ್ರವರಿ ಮಧ್ಯದಲ್ಲಿ ಶಾಲೆಯವರು ಸಭೆ ಕರೆದರು. ಚಿಕ್ಕ ಕೋಣೆ, ಮೇಜಿನ ನಡುವೆ ಪಾರದರ್ಶಕ ಹಾಳೆ, ತೆರೆದ ಕಿಟಕಿಗಳು, ಎಲ್ಲರೂ ಕೋಟು ಹಾಕಿಯೇ ಕೂತಿದ್ದರು. ತರಗತಿಯ ಟೀಚರ್, ಮಕ್ಕಳ ಆಪ್ತಸಲಹೆಗಾರ್ತಿ ಮೊರಿತಾ ಸಾನ್, ಅಪರ್ಣಾ, ಪ್ರಣತಿ. ಮೇಜಿನ ತುದಿಯ ಕುರ್ಚಿಯಲ್ಲಿ, ಯಾವ ಕಡೆಗೂ ಸೇರದಂತೆ, ಕಮಲಾಕ್ಷಿ. ದುಭಾಷಿಯ ಕುರ್ಚಿ ಯಾವಾಗಲೂ ಅಲ್ಲೇ ಇರುತ್ತದೆ.

ಟೀಚರ್ ಆ ಸ್ಕ್ರೀನ್‌ಶಾಟಿನ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ಪ್ರಣತಿ ಜಪಾನಿಯಲ್ಲಿ "ನಾನು ಓದಿರಲಿಲ್ಲ" ಎಂದಳು. ಟೀಚರ್ ಮೆತ್ತಗೆ ಒಂದು ಮಾತು ಹೇಳಿದರು. ಅದನ್ನು ಅಮ್ಮನಿಗೆ ಕನ್ನಡದಲ್ಲಿ ದಾಟಿಸಬೇಕು. ಕಮಲಾಕ್ಷಿ ದಾಟಿಸಿದರು: "ಆರು ನಲವತ್ತೊಂದಕ್ಕೆ ಪ್ರಣತಿ ಓದಿರೋದು ಇಲ್ಲಿ ಕಾಣ್ತಿದೆ. ಓದಿಲ್ಲ ಅಂತಿದಾಳೆ. ಯಾಕೆ ಸುಳ್ಳು ಹೇಳ್ಬೇಕಾಗಿ ಬಂತು ಅಂತ ಟೀಚರ್ ಕೇಳ್ತಿದಾರೆ."

"ಅರ್ಧ ಹೇಳೋ ಹೊತ್ತಿಗೆ ನಂಗೆ ಗೊತ್ತಾಗೋಯ್ತು," ಎನ್ನುತ್ತಾರೆ. "ಆರು ನಲವತ್ತೊಂದು ಅಂತ ನನ್ ಬಾಯಲ್ಲೇ ಬಂತಲ್ಲ, ಆಗ. ಅಜ್ಜಿ, ಬೇಜಾರು, ನನ್ ಸ್ಟವ್ ಮೇಲೆ ಹಾಲಿಟ್ಟಿದ್ದು, ಎಲ್ಲ ನೆನಪಾಯ್ತು. ಅಪರ್ಣಾ ನನ್ ಮುಖ ನೋಡಿದ್ಲು. ನಾನು ಅವ್ಳ ಮುಖ ನೋಡ್ದೆ. ಅವ್ಳು ತಲೆ ತಗ್ಗಿಸಿದ್ಲು. ನಾನು ವಾಕ್ಯ ಮುಗಿಸ್ದೆ. ಮುಗಿಸಿ ಸುಮ್ನೆ ಕೂತೆ." ಯಾಕೆ ಎಂಬುದನ್ನೂ ಅವರೇ ಹೇಳಿದರು. "ಇಂಟರ್‌ಪ್ರಿಟರ್ ತನ್ನ ಮಾತು ಸೇರಿಸ್ಬಾರ್ದು ಅಂತ ಮನಸ್ಸಿಗೆ ಹೇಳ್ಕೊಂಡೆ. ಸುಳ್ಳು ಅದು. ಹೆದರ್ಕೊಂಡೆ. ಕೆಲ್ಸ ಹೋಗುತ್ತೆ, ಮರ್ಯಾದೆ ಹೋಗುತ್ತೆ, ಇನ್ಯಾವ ತಾಯಿ ನನ್ನ ನಂಬ್ತಾಳೆ ಅಂತ. ನಿಯಮ ನೆಪಕ್ಕೆ ಸಿಕ್ತು."

ಸಭೆ ನಲವತ್ತು ನಿಮಿಷ ನಡೆಯಿತು. ಹದಿಮೂರು ತುಂಬದ ಹುಡುಗಿ ನಿಜ ಹೇಳಿ ಸುಳ್ಳಿ ಎನಿಸಿಕೊಂಡು ಮನೆಗೆ ಹೋದಳು. ನಿಜ ಗೊತ್ತಿದ್ದ ಇಬ್ಬರು ಅವಳ ಜೊತೆಯಲ್ಲೇ ಸಿಗ್ನಲ್ ದಾಟಿ, ಅದೇ ಕಟ್ಟಡಕ್ಕೆ ನಡೆದು ಬಂದರು.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಮಲಾಕ್ಷಿಗೂ ಹಾಗೆಯೇ ಹೇಳಿದೆ. "ಬರ್ಲಿ ಬಿಡಿ. ಬರ್ಬೇಕು," ಎಂದರು. ಅವರ ಗಂಡ ಜಯದೇವ ಮಾತಿನ ಮನುಷ್ಯರಲ್ಲ. ಕೊರೊನಾದಲ್ಲೂ ದಿನಾ ರೈಲು ಹತ್ತಿ ಕಾವಾಸಾಕಿಗೆ ಹೋಗಿ ಬಂದವರು. ಸಭೆಯ ನಂತರದ ದಿನಗಳ ಬಗ್ಗೆ ಅವರು ಇಷ್ಟೇ ಹೇಳಿದರು: "ದಿನಾ ಊಟಕ್ಕೆ ಬಡಿಸ್ತಿದ್ಲು. ಎದುರಿಗೆ ಕೂತ್ಕೋತಿದ್ಲು. ತಟ್ಟೆ ಹಾಕ್ಕೋತಿರ್ಲಿಲ್ಲ."

ಹತ್ತೊಂಬತ್ತು ದಿನ ಹೀಗೆ ಕಳೆಯಿತು. ಇಪ್ಪತ್ತನೇ ದಿನ ಕಮಲಾಕ್ಷಿ ಶಾಲೆಗೆ ಹೋಗಿ ಮೊರಿತಾ ಸಾನ್ ಎದುರು ನಿಂತು ಎಲ್ಲವನ್ನೂ ಹೇಳಿದರು, ಕೆಲಸ ಬಿಡುವ ಪತ್ರವನ್ನೂ ಮುಂದಿಟ್ಟರು. ಮೊರಿತಾ ಸಾನ್ ಪತ್ರವನ್ನು ಮಡಚಿ ವಾಪಸ್ ಕೊಟ್ಟರಂತೆ. ನೀವು ಬಿಟ್ಟು ಹೋದರೆ ಆ ಮಗುವಿಗೆ ಏನೂ ಸಿಗುವುದಿಲ್ಲ, ಅಂದರಂತೆ. ಟೀಚರ್ ನಾಲ್ವರು ಹುಡುಗಿಯರನ್ನು ಕೂರಿಸಿ ನಡೆದದ್ದು ತಿಳಿಸಿದರು. ಮಿಯು ಅತ್ತಳು. ನಾಲ್ವರೂ ಸೇರಿ ಒಂದು ಕಾರ್ಡ್ ಬರೆದುಕೊಟ್ಟರು.

ಕಾರ್ಡ್ ಹಿಡಿದು, ಅಪರ್ಣಾಳನ್ನು ಜೊತೆ ಮಾಡಿಕೊಂಡು ಕಮಲಾಕ್ಷಿ ಪ್ರಣತಿಯ ಕೋಣೆಯ ಬಾಗಿಲಲ್ಲಿ ನಿಂತರು. ಎಲ್ಲ ಹೇಳಿದರು, ಕ್ಷಮೆ ಕೇಳಿದರು. ಪ್ರಣತಿ ಕಾರ್ಡನ್ನು ತೆಗೆದುಕೊಂಡಳು. ಫೋನ್ ಓದಿದ್ದಕ್ಕೆ ಒಂದು ಮಾತೂ ಬೈಯಲಿಲ್ಲ. "ಬಟ್ ಯು ವರ್ ಇನ್ ದ ರೂಮ್, ಆಂಟಿ," ಎಂದಳು. ನೀವು ಅಲ್ಲೇ ಇದ್ದಿರಲ್ಲ. ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಅಮ್ಮನ ಕಡೆ ತಿರುಗಿಯೂ ನೋಡಿರಲಿಲ್ಲ.

ಹೊಸ ತರಗತಿ ಶುರುವಾದಾಗ ಐದು ದಿನ ಶಾಲೆಗೆ ಹೋದಳು. ಆಮೇಲೆ ಇಲ್ಲ. ಅಂದಿನಿಂದ ಶಾಲೆಯಿರುವ ಪ್ರತಿ ಬೆಳಗ್ಗೆ ಒಂಬತ್ತನೇ ಮಹಡಿಗೆ ಒಂದು ಲಕೋಟೆ ಹೋಗುತ್ತಿದೆ. ನಾನು ಹೋದ ದಿನಕ್ಕೆ ನೂರ ಎಂಬತ್ತೆರಡು. ಮೊದಲು ಇದೊಂದೇ ಮನೆಗೆ ಇತ್ತು. ಕೇಳಿ ತಿಳಿದ ಬೇರೆ ತಾಯಂದಿರು, ಜಪಾನಿ ತಾಯಂದಿರೂ, ನಮ್ಮ ಮಗುವಿಗೂ ಹಾಕುತ್ತೀರಾ ಎಂದರು. ಹೀಗೆ ಹನ್ನೊಂದಾಯಿತು. ಪ್ರಣತಿಯಿಂದ ಒಂದಕ್ಕೂ ಉತ್ತರ ಬಂದಿಲ್ಲ. ಮರುದಿನ ಹೋಗಿ ನೋಡಿದರೆ ಹಿಂದಿನ ದಿನದ ಲಕೋಟೆ ಒಳಗೆ ಹೋಗಿರುತ್ತದೆ, ಎಳೆದುಕೊಂಡವರು ಯಾರೆಂದು ಗೊತ್ತಿಲ್ಲ. "ಕಾಗದಕ್ಕೆ ಓದಿದ ಗುರುತು ಬೀಳಲ್ಲ. ಅದೇ ಒಳ್ಳೇದು," ಎನ್ನುತ್ತಾರೆ.

ಈಗ ಅವರು ಯಾವ ಮಗುವಿನ ಫೋನನ್ನೂ ಮುಟ್ಟುವುದಿಲ್ಲ. ಮಗುವೇ ಹಿಡಿದುಕೊಂಡು ಓದಿ ಹೇಳಿದರೆ ಕೇಳುತ್ತಾರೆ. ಆರನೇ ತರಗತಿಯ ಒಬ್ಬಳು ಶಾಲೆಯಲ್ಲಿ ಊಟ ಮಾಡುವುದನ್ನೇ ಬಿಟ್ಟಿದ್ದಾಳೆ, ಮಾಸ್ಕ್ ತೆಗೆದಾಗ ಯಾರಾದರೂ ಫೋಟೊ ತೆಗೆದು ಹಾಕಿದರೆ ಎಂಬ ಭಯ ಅವಳಿಗೆ. ಅವಳು ಶಾಲೆ ಬಿಟ್ಟ ಮೇಲೆ ಕಮಲಾ ಆಂಟಿಯ ಜೊತೆ ಈ ಕಟ್ಟಡದ ಮೆಟ್ಟಿಲ ಕೆಳಗೆ ಕೂತು, ಗೋಡೆ ಕಡೆ ಮುಖ ಮಾಡಿ ಮೂಲೆಯಂಗಡಿಯಿಂದ ತಂದ ಅನ್ನದ ಉಂಡೆ ತಿನ್ನುತ್ತಾಳೆ. ಆಂಟಿಯೂ ಗೋಡೆ ಕಡೆಗೇ ಮುಖ ಮಾಡಿ ಕೂರುತ್ತಾರೆ. ಸಭೆಗಳಲ್ಲಿ ಅವರದೊಂದು ಹೊಸ ಪದ್ಧತಿಯಿದೆ. ಶುರುವಾಗುವ ಮೊದಲು ಎದ್ದು ನಿಂತು, ಎರಡೂ ಭಾಷೆಯಲ್ಲಿ ಹೇಳುತ್ತಾರೆ: "ಈ ವಿಷಯದಲ್ಲಿ ನನ್ನ ಪಾಲೇನಾದರೂ ಇದ್ದರೆ, ನಾನು ಈ ಕುರ್ಚಿ ಬಿಟ್ಟು ಮಾತಾಡುತ್ತೇನೆ." ಹೊಸ ಟೀಚರುಗಳು ಇದನ್ನು ಕೇಳಿ ಕಕ್ಕಾಬಿಕ್ಕಿಯಾಗುತ್ತಾರೆ.

ನಿಮ್ಮ ಆಸೆ ಏನು ಎಂದು ಕೇಳಿದೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. "ಅವ್ಳು ಶಾಲೆಗೆ ಹೋಗ್ಲೇಬೇಕು ಅಂತೇನಿಲ್ಲ. ಆದ್ರೆ ಆ ಕೋಣೆಗೆ ಇನ್ನೊಂದ್ಸಲ ಬರ್ಬೇಕು. ನಾನು ಸುಳ್ಳು ಹೇಳಿರ್ಲಿಲ್ಲ ಅಂತ ಅದೇ ಮೇಜಿನ ಮುಂದೆ ಹೇಳ್ಬೇಕು. ಆವತ್ತು ತುದಿ ಕುರ್ಚಿಗೆ ಬೇರೆ ಯಾರನ್ನಾದ್ರೂ ಕೂರಿಸ್ಲಿ. ನಾನು ಅವ್ಳ ಪಕ್ಕದ ಕುರ್ಚೀಲಿ ಕೂತ್ಕೋಬೇಕು. ಅಷ್ಟೇ."

ಈ ಬರಹಕ್ಕೆ ಅವರು ಒಂದು ಷರತ್ತು ಹಾಕಿದ್ದರು. ಮೊದಲು ಪ್ರಣತಿ ಓದಬೇಕು, ಅವಳು ಹೊಡೆದುಹಾಕಿದ ಸಾಲು ಅಚ್ಚಾಗಬಾರದು, ಅವಳು ಬೇಡವೆಂದರೆ ಲೇಖನವೇ ಬೇಡ. ಅಪರ್ಣಾ ಕೂಡ ಅದೇ ಮಾತು ಹೇಳಿದರು. ಪ್ರಣತಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಕಮಲಾಕ್ಷಿ ಇಲ್ಲಿಯವರೆಗಿನ ಅಷ್ಟನ್ನೂ ಜಪಾನಿಗೆ ತಿರುಗಿಸಿ ಕೈಯಲ್ಲಿ ಬರೆದರು, ತಮ್ಮನ್ನು ನಾನು ಬೈದದ್ದನ್ನೂ ಸೇರಿಸಿ. ಪ್ಯಾರಾಗಳಿಗೆ ನಂಬರ್ ಹಾಕಿದೆವು. ಇನ್ನೊಂದು ಬೆಳಗ್ಗೆ ನಾನು ಮತ್ತೆ ಜೊತೆಗೆ ಹೋದೆ. ಒಂಬತ್ತನೇ ಮಹಡಿಯ ಬಾಗಿಲಲ್ಲಿ ಅವರು ಲಕೋಟೆಯನ್ನು ಅರ್ಧ ತೂರಿಸಿದರು. ನಾವು ತಿರುಗುವಷ್ಟರಲ್ಲಿ ಅದು ನಿಧಾನವಾಗಿ ಒಳಗೆ ಸರಿಯಿತು. ನಾನು ನಿಂತುಬಿಟ್ಟೆ. ಕಮಲಾಕ್ಷಿ ನನ್ನ ತೋಳು ಹಿಡಿದು ಮೆಟ್ಟಿಲ ಕಡೆ ಎಳೆದರು. "ನಾವು ನೋಡಿದ್ವಿ ಅಂತ ಗೊತ್ತಾಗ್ಬಾರ್ದು," ಎಂದು ಪಿಸುಗುಟ್ಟಿದರು.

ಒಂಬತ್ತು ದಿನದ ಮೇಲೆ ಅದೇ ಸೀಳಿನಲ್ಲಿ ಒಂದು ಲಕೋಟೆ ಒಳಗಿನಿಂದ ಹೊರಕ್ಕೆ ಅರ್ಧ ಚಾಚಿತ್ತು. ಟೇಪು ಸುತ್ತಿತ್ತು, ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರು. ಕಮಲಾಕ್ಷಿ ಅದನ್ನು ಹಿಡಿದು ಮೂರು ರೈಲು ಬದಲಿಸಿ ಕಾಶಿವಾಕ್ಕೆ ಬಂದು ನನ್ನ ಕೈಗೆ ಕೊಟ್ಟರು. ಒಳಗೆ ಬನ್ನಿ, ಇಬ್ಬರೂ ನೋಡೋಣ ಎಂದೆ. "ನಿಮ್ ಹೆಸರಿದೆ," ಎಂದು ಬಾಗಿಲಿನಿಂದಲೇ ಹೊರಟುಹೋದರು.

ಪ್ರಣತಿ ಎರಡು ಸಾಲು ಹೊಡೆದುಹಾಕಿದ್ದಾಳೆ. ಅವು ಇಲ್ಲಿಲ್ಲ. ಎರಡು ಕಡೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು, ಇವನ್ನು ಅಚ್ಚು ಹಾಕಬಹುದು ಎಂದಿದ್ದಾಳೆ. ಮೊದಲನೆಯದು ಸಭೆಯ ಪ್ಯಾರಾದ ಪಕ್ಕ: "ಆಂಟಿ ಒಂದು ವಿಷಯ ಬಿಟ್ಟಿದ್ದಾರೆ. ಅವರ ಮಾಸ್ಕ್ ಒದ್ದೆಯಾಗಿತ್ತು. ನಾನು ನೋಡಿದೆ. ಅವರಿಗೆ ಏನೋ ಗೊತ್ತಿದೆ ಅಂತ ನನಗೆ ಆಗಲೇ ಗೊತ್ತಾಯ್ತು. ಹೇಳ್ತಾರೆ ಅಂತ ದಿನಾ ಕಾದೆ."

ಇದನ್ನು ನಾನು ಕಮಲಾಕ್ಷಿಗೆ ಹೇಳಿಲ್ಲ. ಹೇಳಲು ಹೋಗಿದ್ದರೂ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಿಮ್ಮೆಲ್ಲರ ಹಾಗೆ ಅವರೂ ಇದನ್ನು ಅಚ್ಚಿನಲ್ಲೇ ಓದುತ್ತಾರೆ. ಹತ್ತೊಂಬತ್ತು ದಿನ ಮೇಲಿನ ಮಹಡಿಯಲ್ಲಿ ಒಂದು ಮಗು ತಮ್ಮ ಹೆಜ್ಜೆಯ ಸದ್ದಿಗೆ ಕಾದಿತ್ತೆಂದು ಓದಿದಾಗ ಅವರಿಗೆ ಏನಾಗಬಹುದೆಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಅವರಿಗೆ ಒಂದು ಮಾತು ಹೇಳಬೇಕು. ಕಮಲಾಕ್ಷಿಯವರೇ, ಅಲ್ಲಿಗೇ ನಿಲ್ಲಿಸಬೇಡಿ. ಕುರ್ಚಿಯ ಬಗ್ಗೆ ನೀವು ಹೇಳಿದ ಪ್ಯಾರಾದ ಪಕ್ಕದಲ್ಲಿ ಅವಳು ಇನ್ನೊಂದು ಸಾಲು ಬರೆದಿದ್ದಾಳೆ.

"ಓಕೆ. ಆದ್ರೆ ಮಾತಾಡೋದು ನಾನು."